ಮುಟ್ಟು ನಿಂತ ಮೇಲೆ ಮೈ ಬಿಸಿಯೇರಿ ಬೆವರುವುದು: ಸಹಿಸಿಕೊಂಡೇ ಇರಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 49 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಮುಟ್ಟು ನಿಂತು 14 ತಿಂಗಳಾಯಿತು. ಅದಕ್ಕೂ ಮೊದಲೇ ಆಗಾಗ ಮೈ ಬಿಸಿಯಾಗುತ್ತಿತ್ತು, ಈಗ ತುಂಬಾ ಜಾಸ್ತಿಯಾಗಿದೆ. ಇದ್ದಕ್ಕಿದ್ದಂತೆ ಎದೆಯಿಂದ ಬಿಸಿ ಶುರುವಾಗಿ ಕುತ್ತಿಗೆ, ಮುಖಕ್ಕೆ ಏರುತ್ತದೆ. ಎದೆ ಡವಡವ ಅನ್ನುತ್ತದೆ, ಬೆವರು ಹರಿಯುತ್ತದೆ, ಆಮೇಲೆ ಚಳಿಯಾಗುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಲ. ಪಾಠ ಮಾಡುವಾಗ ರವಿಕೆ ಒದ್ದೆಯಾಗಿ ಮಕ್ಕಳ ಮುಂದೆ ಮುಜುಗರ. ರಾತ್ರಿ ಮೂರು ನಾಲ್ಕು ಸಲ ಎಚ್ಚರವಾಗುತ್ತದೆ. ಬಿಪಿಗೆ ಎರಡು ವರ್ಷದಿಂದ ಆಮ್ಲೊಡಿಪಿನ್ 5 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಅತ್ತೆಯವರು ಉಷ್ಣ ಆಗಿದೆ, ಮೆಂತ್ಯ ನೆನೆಸಿ ಕುಡಿ ಅನ್ನುತ್ತಾರೆ. ಒಬ್ಬ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದು, ವಯಸ್ಸಿಗೆ ಬರುವುದು, ತಾನಾಗಿ ಹೋಗುತ್ತದೆ ಎಂದರು. ಹಾರ್ಮೋನ್ ತೆಗೆದುಕೊಂಡರೆ ಕ್ಯಾನ್ಸರ್ ಬರುತ್ತದೆ ಎಂದು ಗೆಳತಿ ಹೆದರಿಸಿದ್ದಾಳೆ. ನನ್ನ ಚಿಕ್ಕಮ್ಮನಿಗೆ 68ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಇದು ಇನ್ನೆಷ್ಟು ದಿನ? ನಾನು ಏನು ಮಾಡಲಿ?

ಉತ್ತರ: ಸಹಿಸಿಕೊಂಡು ಇರಬೇಕಾಗಿಲ್ಲ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ನೀವು ಬರೆದಿರುವುದನ್ನು ನೋಡಿದರೆ ಅದು ನಿಮಗೆ ಹೊಂದುವ ಸಾಧ್ಯತೆಯೂ ಹೆಚ್ಚು.

ವಯಸ್ಸಿಗೆ ಬರುವುದು ಎಂಬ ಮಾತು ಸುಳ್ಳಲ್ಲ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ನೇ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. 12 ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ಮೆನೋಪಾಸ್ ಆಯಿತು ಎನ್ನುತ್ತೇವೆ. ನಿಮಗೆ ಅದು ಆಗಿದೆ. ಆದರೆ ವಯಸ್ಸಿಗೆ ಬಂದದ್ದಕ್ಕೆಲ್ಲ ಚಿಕಿತ್ಸೆ ಬೇಡ ಎಂದರೆ ನಾವು ಬಿಪಿಗೂ ಮಾತ್ರೆ ಕೊಡಬಾರದು, ಕಣ್ಣಿನ ಪೊರೆಯನ್ನೂ ತೆಗೆಯಬಾರದು. ಹೆಂಗಸರ ವಿಷಯ ಬಂದಾಗ ಮಾತ್ರ ಈ ಮಾತು ಇಷ್ಟು ಸಲೀಸಾಗಿ ಯಾಕೆ ಬರುತ್ತದೆ ಎಂದು ನನಗೆ ಬೇಸರವಾಗುತ್ತದೆ.

ತಾನಾಗಿ ಹೋಗುತ್ತದೆ ಎನ್ನುವುದೂ ನಿಜವೇ. ಆದರೆ ಯಾವಾಗ? ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಾನುಗಟ್ಟಲೆ ಗಮನಿಸಿದ ಸ್ವಾನ್ ಎಂಬ ದೊಡ್ಡ ಅಧ್ಯಯನದ ಲೆಕ್ಕ 2015ರಲ್ಲಿ ಹೊರಬಂತು. ಪದೇ ಪದೇ ಹೀಗೆ ಬಿಸಿಯಾಗುವವರಲ್ಲಿ ಅರ್ಧದಷ್ಟು ಜನರಿಗೆ ತೊಂದರೆ ಏಳು ವರ್ಷಕ್ಕಿಂತ ಜಾಸ್ತಿ ಇತ್ತು. ಮುಟ್ಟು ಪೂರ್ತಿ ನಿಲ್ಲುವ ಮೊದಲೇ ಶುರುವಾದವರಲ್ಲಿ ಇನ್ನೂ ಹೆಚ್ಚು ಕಾಲ ಉಳಿಯಿತು. ನಿಮ್ಮದೂ ಮೊದಲೇ ಶುರುವಾಗಿದೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಇನ್ನೊಂದಾರು ತಿಂಗಳು ಕಾಯೋಣ, ಹೋಗಬಹುದು ಎಂದುಕೊಂಡು ವರ್ಷಗಟ್ಟಲೆ ನಿದ್ರೆಗೆಡುವುದು ಬೇಡ ಎಂದು ಹೇಳುತ್ತಿದ್ದೇನೆ.

ಒಳಗೆ ಏನಾಗುತ್ತದೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಮಿದುಳಿನಲ್ಲಿ ಹೈಪೋಥಲಾಮಸ್ ಎಂಬ ಚಿಕ್ಕ ಭಾಗ ಇದೆ. ಮೈಯ ಬಿಸಿಯನ್ನು ಸರಿಯಾಗಿ ಇಟ್ಟುಕೊಳ್ಳುವುದು ಅದರ ಕೆಲಸಗಳಲ್ಲಿ ಒಂದು. ಸಾಮಾನ್ಯವಾಗಿ ಒಳಗಿನ ಬಿಸಿ ಸ್ವಲ್ಪ ಮೇಲೆ ಕೆಳಗೆ ಆದರೂ ಅದು ಸುಮ್ಮನಿರುತ್ತದೆ. ತೊಂದರೆ ಇಲ್ಲದ ಹೆಂಗಸರಲ್ಲಿ ಈ ಸುಮ್ಮನಿರುವ ಅಂತರ ಸುಮಾರು 0.4 ಡಿಗ್ರಿ ಸೆಲ್ಸಿಯಸ್. ಹಾಟ್ ಫ್ಲ್ಯಾಶ್, ಅಂದರೆ ನಿಮ್ಮ ಹಾಗೆ ಇದ್ದಕ್ಕಿದ್ದಂತೆ ಬಿಸಿಯೇರುವುದು, ಇರುವವರಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಒಂದು ಲೋಟ ಕಾಫಿ, ಒಂದು ಸಣ್ಣ ಗಾಬರಿ, ಅಡುಗೆಮನೆಯ ಶಾಖ, ಏನಾದರೂ ಸಾಕು. ಮೈ ಕಾದುಹೋಗಿದೆ ಎಂದು ಮಿದುಳು ತಪ್ಪು ತಿಳಿದುಕೊಳ್ಳುತ್ತದೆ. ಕೂಡಲೇ ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ, ಹೃದಯವನ್ನು ಓಡಿಸುತ್ತದೆ, ಬೆವರು ಹರಿಸುತ್ತದೆ. ಒಂದರಿಂದ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅಷ್ಟರಲ್ಲಿ ಮೈಯ ಬಿಸಿ ನಿಜವಾಗಿಯೂ ಇಳಿದಿರುತ್ತದೆ. ಕೊನೆಗೆ ನಿಮಗೆ ಚಳಿಯಾಗುವುದು ಅದಕ್ಕೇ.

ಈ ತಪ್ಪು ತಿಳಿವಳಿಕೆಯ ಹಿಂದೆ ಇರುವುದು ಈಸ್ಟ್ರೋಜೆನ್ ಎಂಬ ಹಾರ್ಮೋನ್‌ನ ಕೊರತೆ. ಹೈಪೋಥಲಾಮಸ್‌ನಲ್ಲಿ ಕೆಲವು ನರಕೋಶಗಳನ್ನು ಈಸ್ಟ್ರೋಜೆನ್ ಹಿಡಿತದಲ್ಲಿಟ್ಟಿರುತ್ತದೆ. ಅಂಡಾಶಯ ಕೆಲಸ ನಿಲ್ಲಿಸಿ ಈಸ್ಟ್ರೋಜೆನ್ ಇಳಿದಾಗ ಆ ಕೋಶಗಳು ಹಿಗ್ಗಿ, ನ್ಯೂರೊಕೈನಿನ್-ಬಿ ಎಂಬ ರಾಸಾಯನಿಕದ ಮೂಲಕ ಪಕ್ಕದ ಶಾಖ ನಿಯಂತ್ರಣದ ಜಾಗವನ್ನು ಸುಮ್ನೆ ಕೆರಳಿಸುತ್ತವೆ. ಅಂದರೆ ಇದು ನೀವು ತಿಂದ ಖಾರದಿಂದ ಬಂದ ಉಷ್ಣ ಅಲ್ಲ. ಮನಸ್ಸು ಗಟ್ಟಿ ಇಲ್ಲದ್ದರಿಂದ ಬಂದದ್ದೂ ಅಲ್ಲ. ಅತ್ತೆಯವರು ಹೇಳಿದ ಮೆಂತ್ಯದ ನೀರು, ಮಜ್ಜಿಗೆ, ಎಳನೀರು ಇವೆಲ್ಲ ಕುಡಿಯಲು ಹಿತ, ಕುಡಿಯಿರಿ. ಅವರು ಪ್ರೀತಿಯಿಂದ ಹೇಳಿದ್ದಾರೆ. ಆದರೆ ದಿನಕ್ಕೆ ಹನ್ನೆರಡು ಸಲ ಬರುವ ಬಿಸಿಯನ್ನು ಅವು ತಡೆಯುವುದಿಲ್ಲ. ತಡೆಯಲಿಲ್ಲ ಎಂದು ನೀವು ಪಥ್ಯದಲ್ಲಿ ಏನೋ ತಪ್ಪು ಮಾಡಿದ್ದೀರಿ ಎಂದುಕೊಳ್ಳಬೇಡಿ.

ಚಿಕಿತ್ಸೆಗೆ ಮೊದಲು ಒಂದು ವಿಷಯ ನೋಡಬೇಕು. ಎಲ್ಲ ಬಿಸಿಯೂ ಮೆನೋಪಾಸ್‌ನದ್ದೇ ಆಗಿರಬೇಕಿಲ್ಲ.

ನಿಮ್ಮ ಕಾಗದದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಆಮ್ಲೊಡಿಪಿನ್ ಮೇಲೆ. ಅದು ಒಳ್ಳೆಯ ಬಿಪಿ ಮಾತ್ರೆ. ಆದರೆ ರಕ್ತನಾಳಗಳನ್ನು ಅಗಲ ಮಾಡಿಯೇ ಅದು ಬಿಪಿ ಇಳಿಸುತ್ತದೆ. ಹಾಗಾಗಿ ಮುಖ ಕೆಂಪಾಗಿ ಬಿಸಿಯಾಗುವುದು, ಪಾದ ಊದಿಕೊಳ್ಳುವುದು ಅದರ ಗೊತ್ತಿರುವ ಅಡ್ಡಪರಿಣಾಮಗಳು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ನಿಮಗೆ ರಾತ್ರಿ ಬೆವರು, ಆಮೇಲೆ ಚಳಿ ಎಲ್ಲ ಇರುವುದರಿಂದ ಮುಖ್ಯ ಕಾರಣ ಮೆನೋಪಾಸ್ ಎಂದೇ ನನಗನ್ನಿಸುತ್ತದೆ. ಆದರೆ ಮಾತ್ರೆಯೂ ಸ್ವಲ್ಪ ಸೇರಿಸುತ್ತಿರಬಹುದು. ಮಾತ್ರೆ ಶುರುವಾದ ಮೇಲೆ ಬಿಸಿ ಹೆಚ್ಚಾಯಿತಾ ಎಂದು ನೆನಪು ಮಾಡಿಕೊಳ್ಳಿ. ಬಿಪಿ ನೋಡುವ ಡಾಕ್ಟರಿಗೆ ಹೇಳಿದರೆ ಬೇರೆ ಜಾತಿಯ ಮಾತ್ರೆಗೆ ಬದಲಾಯಿಸಬಹುದು. ನೀವೇ ನಿಲ್ಲಿಸಬೇಡಿ.

ಎರಡನೆಯದು ಥೈರಾಯ್ಡ್. ಅದು ಜಾಸ್ತಿ ಕೆಲಸ ಮಾಡಿದರೂ ಬೆವರು, ಎದೆ ಡವಡವ, ನಿದ್ರೆ ಇಲ್ಲದಿರುವುದು ಎಲ್ಲ ಬರುತ್ತದೆ. ಜೊತೆಗೆ ಹಸಿವಿದ್ದೂ ತೂಕ ಇಳಿಯುವುದು, ಕೈ ನಡುಗುವುದು ಇರುತ್ತದೆ. ಒಂದು ಟಿಎಸ್‌ಎಚ್ ರಕ್ತ ಪರೀಕ್ಷೆ ಸಾಕು. ಮೂರನೆಯದು, ನಮ್ಮ ದೇಶದಲ್ಲಿ ಮರೆಯಲೇಬಾರದ್ದು, ಟಿಬಿ. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ಎರಡು ವಾರ ದಾಟಿದ ಕೆಮ್ಮು, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ ಆಗಬೇಕು. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ಇಳಿದಾಗಲೂ ಹೀಗೇ ಬೆವರುತ್ತದೆ. ಅವರು ಬೆವರಿದಾಗ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಬೇಕು.

ಬೇಡದ ಪರೀಕ್ಷೆಗಳ ಬಗ್ಗೆಯೂ ಒಂದು ಮಾತು. 45 ದಾಟಿದವರಿಗೆ ಮುಟ್ಟು ನಿಂತು ಹೀಗೆ ಬಿಸಿಯಾಗುತ್ತಿದ್ದರೆ ಎಫ್‌ಎಸ್‌ಎಚ್, ಎಎಂಎಚ್ ಎಂದು ಹಾರ್ಮೋನ್ ಪ್ಯಾಕೇಜ್ ಮಾಡಿಸುವ ಅಗತ್ಯವಿಲ್ಲ. ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಆ ದುಡ್ಡನ್ನು ಮ್ಯಾಮೊಗ್ರಾಮ್‌ಗೆ, ಅಂದರೆ ಸ್ತನದ ಎಕ್ಸ್-ರೇಗೆ, ಇಟ್ಟುಕೊಳ್ಳಿ.

ಈಗ ಹಾರ್ಮೋನ್ ಚಿಕಿತ್ಸೆ, ಅಂದರೆ ಕೊರತೆಯಾದ ಈಸ್ಟ್ರೋಜೆನ್ ಅನ್ನು ಔಷಧಿಯಾಗಿ ಕೊಡುವ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಗೆಳತಿಯ ಭಯ ಅವರೊಬ್ಬರದಲ್ಲ. ಎರಡು ದಶಕದಿಂದ ಹೆಂಗಸರೂ ಡಾಕ್ಟರುಗಳೂ ಸೇರಿ ಹೆದರಿಕೊಂಡಿದ್ದೇವೆ.

ಈ ಭಯದ ಮೂಲ 2002ರ ಜುಲೈ ತಿಂಗಳು. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನ ನಡೆಯುತ್ತಿತ್ತು. ಗರ್ಭಕೋಶ ಇರುವ 16,608 ಹೆಂಗಸರಲ್ಲಿ ಅರ್ಧ ಜನಕ್ಕೆ ಎರಡು ಹಾರ್ಮೋನ್ ಸೇರಿದ ಮಾತ್ರೆ, ಇನ್ನರ್ಧಕ್ಕೆ ಔಷಧಿ ಇಲ್ಲದ ಹುಸಿ ಮಾತ್ರೆ ಕೊಟ್ಟಿದ್ದರು. ಐದು ವರ್ಷದ ನಂತರ ಹಾರ್ಮೋನ್ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿದೆ ಎಂದು ಅದನ್ನು ನಡುವೆಯೇ ನಿಲ್ಲಿಸಿದರು. ಸುದ್ದಿ ಜಗತ್ತಿಡೀ ಹರಡಿತು. ಬಹಳ ಡಾಕ್ಟರುಗಳು ಹಾರ್ಮೋನ್ ಬರೆಯುವುದನ್ನೇ ಬಿಟ್ಟರು.

ಎಷ್ಟು ಹೆಚ್ಚಾಗಿತ್ತು ಎಂಬುದು ಮಾತ್ರ ಹೆಚ್ಚು ಜನರಿಗೆ ತಲುಪಲಿಲ್ಲ. ಹುಸಿ ಮಾತ್ರೆ ನುಂಗಿದ 10,000 ಹೆಂಗಸರಲ್ಲಿ ಒಂದು ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್ ಬಂತು. ಹಾರ್ಮೋನ್ ತೆಗೆದುಕೊಂಡವರಲ್ಲಿ 38 ಜನರಿಗೆ. ಅಂದರೆ 10,000ಕ್ಕೆ ಎಂಟು ಜಾಸ್ತಿ. ಆ ಎಂಟು ಜನರ ಜೀವ ಸಣ್ಣದಲ್ಲ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಹಾರ್ಮೋನ್ ತೆಗೆದುಕೊಂಡರೆ ಕ್ಯಾನ್ಸರ್ ಬಂದೇ ಬರುತ್ತದೆ ಎನ್ನುವುದಕ್ಕೂ ಇದಕ್ಕೂ ಬಹಳ ದೂರ ಇದೆ, ಅಲ್ವಾ?

ಇನ್ನೂ ಮುಖ್ಯವಾದದ್ದು, ಆ ಹೆಂಗಸರ ಸರಾಸರಿ ವಯಸ್ಸು 63. ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು. ಹಾರ್ಮೋನ್ ಕೊಟ್ಟರೆ ಹೃದಯಾಘಾತ ತಪ್ಪುತ್ತದೆಯಾ ಎಂದು ನೋಡುವುದು ಆ ಅಧ್ಯಯನದ ಉದ್ದೇಶವಾಗಿತ್ತು. ಹಾಟ್ ಫ್ಲ್ಯಾಶ್‌ಗೆ ಚಿಕಿತ್ಸೆ ಕೊಡಲು ಅದನ್ನು ಮಾಡಿದ್ದಲ್ಲ. ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ಹಾರ್ಮೋನ್. ಗರ್ಭಕೋಶ ತೆಗೆಸಿಕೊಂಡಿದ್ದವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟ ಇನ್ನೊಂದು ಗುಂಪೂ ಇತ್ತು. ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಇತ್ತು. ಇಪ್ಪತ್ತು ವರ್ಷದ ನಂತರ ಲೆಕ್ಕ ಹಾಕಿದಾಗಲೂ ಕಡಿಮೆಯೇ ಇತ್ತು. ಈ ಸುದ್ದಿ ಮಾತ್ರ ಮನೆಮನೆಗೆ ತಲುಪಲಿಲ್ಲ.

ಇಂದು ಮೆನೋಪಾಸ್ ತಜ್ಞರು ಒಪ್ಪುವ ಮಾತು ಇದು. ವಯಸ್ಸು 60ರ ಒಳಗಿದ್ದು, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗಿದ್ದು, ಬೇರೆ ಅಡ್ಡಿ ಇಲ್ಲದಿದ್ದರೆ, ಕಾಡುವ ಹಾಟ್ ಫ್ಲ್ಯಾಶ್‌ಗೆ ಹಾರ್ಮೋನ್ ಚಿಕಿತ್ಸೆಯ ಲಾಭ ಅಪಾಯಕ್ಕಿಂತ ಹೆಚ್ಚು. ಇಷ್ಟು ಚೆನ್ನಾಗಿ ಕೆಲಸ ಮಾಡುವ ಬೇರೆ ಔಷಧಿ ಇಲ್ಲ. ಹಾಟ್ ಫ್ಲ್ಯಾಶ್‌ಗಳ ಸಂಖ್ಯೆ ಸುಮಾರು ಮುಕ್ಕಾಲು ಭಾಗ ಇಳಿಯುತ್ತದೆ. ನಿಮ್ಮ ಹನ್ನೆರಡು ಮೂರಕ್ಕೆ ಬಂದರೆ ಶಾಲೆಯ ದಿನ ಹೇಗಿರುತ್ತದೆ, ಯೋಚಿಸಿ.

ಯಾರಿಗೆ ಕೊಡಬಾರದು? ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಹೃದಯಾಘಾತ ಅಥವಾ ಲಕ್ವ ಆಗಿದ್ದವರಿಗೆ, ಲಿವರ್ ಕಾಯಿಲೆ ಇರುವವರಿಗೆ ಕೊಡುವುದಿಲ್ಲ. ಮುಟ್ಟು ನಿಂತ ಮೇಲೆ ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ ಮೊದಲು ಕಾರಣ ಹುಡುಕಬೇಕು.

ನಿಮ್ಮ ಚಿಕ್ಕಮ್ಮನ ವಿಷಯ ಈ ಪಟ್ಟಿಯಲ್ಲಿ ಇಲ್ಲ. 68ನೇ ವಯಸ್ಸಿನಲ್ಲಿ ಚಿಕ್ಕಮ್ಮನಿಗೆ ಬಂದ ಸ್ತನ ಕ್ಯಾನ್ಸರ್ ನಿಮಗೆ ಹಾರ್ಮೋನ್ ಕೊಡಲು ಅಡ್ಡಿಯಲ್ಲ. ಅಮ್ಮ, ಅಕ್ಕ ತಂಗಿಯರಿಗೆ 50ರ ಒಳಗೆ ಬಂದಿದ್ದರೆ, ಅಥವಾ ಮನೆಯಲ್ಲಿ ಹಲವರಿಗೆ ಸ್ತನದ, ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಲೆಕ್ಕ ಬೇರೆ. ಆಗ ಜೆನೆಟಿಕ್ ಸಲಹೆ ಬೇಕಾಗಬಹುದು. ನಿಮ್ಮ ಬಿಪಿಯೂ ಅಡ್ಡಿಯಲ್ಲ, ಆದರೆ ಅದು ಹತೋಟಿಯಲ್ಲಿರಲೇಬೇಕು.

ಬಿಪಿ ಇರುವುದರಿಂದ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಈಸ್ಟ್ರಾಡಯೋಲ್ ಜೆಲ್ ನಿಮಗೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನುಂಗಿದ ಈಸ್ಟ್ರೋಜೆನ್ ಮೊದಲು ಲಿವರ್‌ಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದಿಂದ ಹೋದದ್ದು ನೇರ ರಕ್ತಕ್ಕೆ ಸೇರುತ್ತದೆ, ಹಾಗಾಗಿ ಆ ಅಪಾಯ ಕಡಿಮೆ. ಸ್ನಾನದ ನಂತರ ಒಣಗಿದ ತೋಳು ಅಥವಾ ತೊಡೆಯ ಮೇಲೆ ಹಚ್ಚಿ, ಆರಲು ಬಿಟ್ಟು, ಕೈ ತೊಳೆಯಬೇಕು. ಎದೆಯ ಮೇಲೆ ಹಚ್ಚಬಾರದು. ಜೆಲ್ ಆರುವ ತನಕ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬಾರದು.

ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ಬೆಳೆದು ಮುಂದೆ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಜೊತೆಗೆ ಬೇಕೇ ಬೇಕು. ಸಾಮಾನ್ಯವಾಗಿ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ 100 ಮಿಲಿಗ್ರಾಂ, ರಾತ್ರಿ ಮಲಗುವಾಗ. ಅದು ಸ್ವಲ್ಪ ಮಂಪರು ತರಿಸುತ್ತದೆ. ನಿದ್ರೆಗೆಟ್ಟವರಿಗೆ ಅದೇ ಉಪಕಾರ. ಜೆಲ್ ಹಚ್ಚಿಕೊಂಡು ಪ್ರೊಜೆಸ್ಟರಾನ್ ಬಿಟ್ಟುಬಿಡುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಮ್ಮಲ್ಲಿ ಟಿಬೊಲೋನ್ ಎಂಬ ಮಾತ್ರೆಯನ್ನೂ ಬರೆಯುತ್ತಾರೆ. ಅದೂ ಬಿಸಿಯನ್ನು ಇಳಿಸುತ್ತದೆ. ಆದರೆ 60 ದಾಟಿದವರಲ್ಲಿ ಲಕ್ವದ ಅಪಾಯ ಹೆಚ್ಚಿಸುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮುಟ್ಟಲೇಬಾರದು.

ಶುರು ಮಾಡುವ ಮೊದಲು ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಬೇಕು. ಡಾಕ್ಟರು ಸ್ತನ ಪರೀಕ್ಷೆ ಮಾಡಬೇಕು, ಒಂದು ಮ್ಯಾಮೊಗ್ರಾಮ್ ಆಗಬೇಕು. ಎರಡರಿಂದ ನಾಲ್ಕು ವಾರದಲ್ಲಿ ಬದಲಾವಣೆ ಗೊತ್ತಾಗುತ್ತದೆ. ಪೂರ್ತಿ ಪರಿಣಾಮಕ್ಕೆ ಎರಡು ಮೂರು ತಿಂಗಳು ಬೇಕು. ಮೊದಲ ಕೆಲವು ತಿಂಗಳು ಸ್ವಲ್ಪ ರಕ್ತದ ಕಲೆ ಕಾಣಬಹುದು, ಸ್ತನ ಭಾರ ಅನ್ನಿಸಬಹುದು. ಹೆಚ್ಚಾಗಿ ಅದು ತಾನಾಗಿ ಸರಿಹೋಗುತ್ತದೆ. ಆರು ತಿಂಗಳಾದರೂ ಕಲೆ ನಿಲ್ಲದಿದ್ದರೆ ಸ್ಕ್ಯಾನ್ ಮಾಡಿ ನೋಡಬೇಕು.

ಎಷ್ಟು ವರ್ಷ ತೆಗೆದುಕೊಳ್ಳಬಹುದು ಎಂಬುದಕ್ಕೆ ಎಲ್ಲರಿಗೂ ಒಂದೇ ಗಡುವು ಇಲ್ಲ. ಎರಡೂ ಹಾರ್ಮೋನ್ ಸೇರಿಸಿ ಮೂರರಿಂದ ಐದು ವರ್ಷ ದಾಟಿದಾಗ ಸ್ತನ ಕ್ಯಾನ್ಸರ್‌ನ ಸಣ್ಣ ಅಪಾಯ ಏರುತ್ತಾ ಹೋಗುತ್ತದೆ. ಅದಕ್ಕೆ ಪ್ರತಿ ವರ್ಷ ಕೂತು ಮತ್ತೆ ಲೆಕ್ಕ ಹಾಕಬೇಕು. ನಿಲ್ಲಿಸಿದಾಗ ಸುಮಾರು ಅರ್ಧ ಜನರಿಗೆ ಬಿಸಿ ಮರಳಿ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ಹಾರ್ಮೋನ್ ಬೇಡ ಅನ್ನಿಸಿದರೆ ಅದು ನಿಮ್ಮ ಹಕ್ಕು. ಹಾರ್ಮೋನ್ ಇಲ್ಲದ ದಾರಿಯೂ ಇದೆ.

ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಕಡಿಮೆ ಪ್ರಮಾಣದಲ್ಲಿ ಹಾಟ್ ಫ್ಲ್ಯಾಶ್ ಇಳಿಸುತ್ತವೆ. ಎಸ್ಸಿಟಾಲೊಪ್ರಾಮ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಅಂಥವು. ಚೀಟಿಯ ಮೇಲೆ ಈ ಹೆಸರು ನೋಡಿ, ನನಗೇನು ಮನೋರೋಗವಾ ಎಂದು ನೊಂದುಕೊಳ್ಳಬೇಡಿ. ಮಿದುಳಿನ ಶಾಖ ನಿಯಂತ್ರಣದ ಮೇಲೆ ಅವು ಕೆಲಸ ಮಾಡುತ್ತವೆ, ಅದಕ್ಕಾಗಿಯೇ ಕೊಡುವುದು. ವೆನ್ಲಾಫ್ಯಾಕ್ಸಿನ್ ಬಿಪಿ ಏರಿಸಬಹುದು, ಹಾಗಾಗಿ ನಿಮಗೆ ಎಸ್ಸಿಟಾಲೊಪ್ರಾಮ್ ಹೆಚ್ಚು ಹೊಂದುತ್ತದೆ. ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸೆಟಿನ್ ಕೊಡಬಾರದು, ಅದು ಟಮಾಕ್ಸಿಫೆನ್‌ನ ಶಕ್ತಿ ಕುಂದಿಸುತ್ತದೆ. ರಾತ್ರಿಯ ಬೆವರೇ ಮುಖ್ಯ ತೊಂದರೆ ಆದವರಿಗೆ ಗ್ಯಾಬಪೆಂಟಿನ್ ಮಲಗುವಾಗ ಕೊಡುತ್ತೇವೆ. ಅದು ನಿದ್ರೆಯನ್ನೂ ತರುತ್ತದೆ. ಬೆಳಿಗ್ಗೆ ಎದ್ದಾಗ ಸ್ವಲ್ಪ ತಲೆ ತಿರುಗಬಹುದು, ನಿಧಾನ ಏಳಿ. ಈ ಮಾತ್ರೆಗಳನ್ನೆಲ್ಲ ಡಾಕ್ಟರ ಸಲಹೆಯಿಂದಲೇ ಶುರು ಮಾಡಬೇಕು, ಅವರ ಸಲಹೆಯಿಂದಲೇ ನಿಧಾನವಾಗಿ ನಿಲ್ಲಿಸಬೇಕು.

ನ್ಯೂರೊಕೈನಿನ್ ಹಾದಿಯನ್ನೇ ತಡೆಯುವ ಫೆಜೊಲಿನೆಟಂಟ್ ಎಂಬ ಹೊಸ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಹಾರ್ಮೋನ್ ಕೊಡಲಾಗದವರಿಗೆ ಅದು ಒಳ್ಳೆಯ ಸುದ್ದಿ. ಆದರೆ ಅಪರೂಪಕ್ಕೆ ಲಿವರ್‌ಗೆ ತೀವ್ರ ಹಾನಿ ಮಾಡುತ್ತದೆ ಎಂದು ಮರುವರ್ಷವೇ ಕಟ್ಟೆಚ್ಚರಿಕೆ ಸೇರಿಸಿದರು. ವಿದೇಶದಲ್ಲಿರುವ ಮಗಳೋ ತಂಗಿಯೋ ತಂದುಕೊಟ್ಟರೆಂದು ಲಿವರ್ ಪರೀಕ್ಷೆ ಇಲ್ಲದೆ ನುಂಗಬೇಡಿ.

ಅಂಗಡಿಯಲ್ಲಿ, ಮೊಬೈಲಿನಲ್ಲಿ ಮಾರುವ ಪುಡಿ, ಕ್ಯಾಪ್ಸೂಲ್‌ಗಳ ಬಗ್ಗೆ ನನಗೆ ಭರವಸೆ ಇಲ್ಲ. ಹಾಟ್ ಫ್ಲ್ಯಾಶ್ ವಿಷಯದಲ್ಲಿ ಒಂದು ವಿಶೇಷ ಇದೆ. ಔಷಧಿಯೇ ಇಲ್ಲದ ಮಾತ್ರೆ ಕೊಟ್ಟರೂ ಬಹಳ ಜನರಲ್ಲಿ ಮೂರನೇ ಒಂದು ಭಾಗದಷ್ಟು ಬಿಸಿ ಇಳಿಯುತ್ತದೆ. ಹಾಗಾಗಿ ಏನು ಮಾರಿದರೂ, ನನಗೆ ಕಡಿಮೆಯಾಯಿತು ಎನ್ನುವವರು ಸಿಕ್ಕೇ ಸಿಗುತ್ತಾರೆ. ಹುಸಿ ಮಾತ್ರೆಯ ಜೊತೆ ಹೋಲಿಸಿ ನೋಡಿದಾಗ ಮಾತ್ರ ನಿಜ ತಿಳಿಯುತ್ತದೆ. ಅಗಸೆಯನ್ನು ಹಾಗೆ ಪರೀಕ್ಷಿಸಿದ್ದಾರೆ, ಬಿಸಿ ಇಳಿಸುವುದರಲ್ಲಿ ಹೆಚ್ಚೇನೂ ಲಾಭ ಸಿಗಲಿಲ್ಲ. ನಮ್ಮ ಕಡೆ ರೊಟ್ಟಿ ಜೊತೆ ಅಗಸೆ ಚಟ್ನಿಪುಡಿ ಇದ್ದೇ ಇರುತ್ತದೆ, ಅದು ಒಳ್ಳೆಯ ಆಹಾರ, ತಿನ್ನಿ. ಔಷಧಿ ಎಂದು ದುಡ್ಡು ಸುರಿಯಬೇಡಿ. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಏರಿಸಿದೆ, ಲಿವರ್‌ಗೆ ತೊಂದರೆ ಮಾಡಿದೆ. ಗಿಡಮೂಲಿಕೆ ಎಂದ ಕೂಡಲೇ ಹಾನಿ ಇಲ್ಲ ಎಂದಲ್ಲ.

ಯೋಗ, ನಡಿಗೆ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳುತ್ತೇನೆ. ಅವುಗಳಿಂದ ಹಾಟ್ ಫ್ಲ್ಯಾಶ್ ಸಂಖ್ಯೆ ಇಳಿಯುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಆದರೆ ಯೋಗದಿಂದ ನಿದ್ರೆ ಸುಧಾರಿಸಿದ್ದು ಕಂಡಿದೆ. ಬಿಪಿಗೆ, ಮೂಳೆಗೆ, ಮನಸ್ಸಿಗೆ ನಡಿಗೆ ಬೇಕೇ ಬೇಕು. ತೂಕ ಜಾಸ್ತಿ ಇರುವವರು ಇಳಿಸಿಕೊಂಡರೆ ಬಿಸಿಯೂ ಕಡಿಮೆಯಾಗುತ್ತದೆ, ಇದಕ್ಕೆ ಆಧಾರ ಇದೆ.

ಮನಸ್ಸಿನ ತರಬೇತಿಯ ವಿಷಯ ನನಗೆ ಬಹಳ ಮುಖ್ಯ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಸಿಬಿಟಿಯನ್ನು ಲಂಡನ್ನಿನ ಸಂಶೋಧಕರು ಹಾಟ್ ಫ್ಲ್ಯಾಶ್‌ಗೆ ಬಳಸಿ ನೋಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿ ಎಷ್ಟು ಸಲ ಬರುತ್ತದೆ ಎನ್ನುವುದಕ್ಕಿಂತ, ಅದು ಎಷ್ಟು ಕಾಡುತ್ತದೆ ಎನ್ನುವುದು ಚೆನ್ನಾಗಿ ಇಳಿಯಿತು. ಇದನ್ನು ನೀವು ಇಂದೇ ಸ್ವಲ್ಪ ಶುರು ಮಾಡಬಹುದು. ಬಿಸಿ ಏರಲು ಶುರುವಾದ ಕ್ಷಣ ನಿಮ್ಮ ಮನಸ್ಸಿನಲ್ಲಿ ಯಾವ ಮಾತು ಬರುತ್ತದೆ, ಗಮನಿಸಿ. ಅಯ್ಯೋ, ಎಲ್ಲರೂ ನೋಡುತ್ತಿದ್ದಾರೆ, ಪಾಠ ಕೆಟ್ಟುಹೋಯಿತು ಎಂದುಕೊಂಡರೆ ಗಾಬರಿ ಸೇರಿ ಬಿಸಿ ಇನ್ನಷ್ಟು ಅನ್ನಿಸುತ್ತದೆ. ಬಂದಿದೆ, ಮೂರು ನಿಮಿಷದಲ್ಲಿ ಹೋಗುತ್ತದೆ ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಹೊಟ್ಟೆಯಿಂದ ನಿಧಾನ ಉಸಿರಾಡಿ. ಮಕ್ಕಳಿಗೆ ಒಂದು ಪ್ಯಾರಾ ಓದಲು ಹೇಳಿ, ನೀವು ಕಿಟಕಿ ಹತ್ತಿರ ಹೋಗಿ ನೀರು ಕುಡಿಯಿರಿ. ಮಕ್ಕಳು ನೀವು ಅಂದುಕೊಂಡಷ್ಟು ಗಮನಿಸಿರುವುದಿಲ್ಲ.

ದಿನದ ಸಣ್ಣಪುಟ್ಟ ಉಪಾಯಗಳು ಬಿಸಿಯನ್ನು ನಿಲ್ಲಿಸುವುದಿಲ್ಲ, ಆದರೆ ಬದುಕನ್ನು ಹಗುರ ಮಾಡುತ್ತವೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಸಿಂಥೆಟಿಕ್ ಸೀರೆ ಬೇಡವೇ ಬೇಡ. ಹತ್ತಿಯ ಸೀರೆ, ಹತ್ತಿಯ ರವಿಕೆ ಇರಲಿ. ಬೆವರು ಕಾಣದಂತಹ ಅಚ್ಚು ಹಾಕಿದ ಬಟ್ಟೆಯ ರವಿಕೆ ಹೊಲಿಸಿಕೊಳ್ಳಿ. ಯಾವುದರಿಂದ ಬಿಸಿ ಬರುತ್ತದೆ ಎಂದು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಕೆಲವರಿಗೆ ಬಿಸಿ ಕಾಫಿ, ಕೆಲವರಿಗೆ ಸಂಜೆಯ ಮಿರ್ಚಿ ಮಂಡಕ್ಕಿ, ಕೆಲವರಿಗೆ ಏನೂ ಇಲ್ಲ. ನಿಮಗೆ ಸಂಬಂಧ ಕಾಣದಿದ್ದರೆ ಸುಮ್ನೆ ಎಲ್ಲವನ್ನೂ ಬಿಟ್ಟು ಸಪ್ಪೆ ಊಟ ಮಾಡಬೇಕಾಗಿಲ್ಲ. ರೊಟ್ಟಿ ಬಡಿಯುವುದು, ದೋಸೆ ಹಾಕುವುದು ಬಿಸಿಲಿಳಿದ ಮೇಲೆ ಇಟ್ಟುಕೊಳ್ಳಿ. ಒಲೆಯ ಮುಂದೆ ಒಂದರ್ಧ ಗಂಟೆ ಮನೆಯ ಇನ್ಯಾರಾದರೂ ನಿಲ್ಲಲಿ. ಇದನ್ನು ಬಾಯಿಬಿಟ್ಟು ಕೇಳಿ. ರಾತ್ರಿ ದಪ್ಪ ಹೊದಿಕೆ ಒಂದರ ಬದಲು ತೆಳು ಹೊದಿಕೆ ಎರಡು ಇಟ್ಟುಕೊಂಡರೆ ಒಂದನ್ನು ತೆಗೆದುಹಾಕುವುದು ಸುಲಭ. ಹಾಸಿಗೆ ಪಕ್ಕ ಒಂದು ಒಣ ನೈಟಿ, ಒದ್ದೆ ಟವೆಲ್, ನೀರಿನ ಬಾಟಲಿ ಇರಲಿ.

ನಿಮ್ಮ ಯಜಮಾನರಿಗೆ ಈ ಉತ್ತರ ಓದಲು ಕೊಡಿ. ಒಂದು ರಾತ್ರಿಯಲ್ಲಿ ನಾಲ್ಕು ಸಲ ಎದ್ದವರಿಗೆ ಬೆಳಿಗ್ಗೆ ಸಿಟ್ಟು ಬರುವುದು, ಮರೆವು ಆಗುವುದು, ಅಳು ಬರುವುದು ಸಹಜ. ಅದನ್ನು ಸ್ವಭಾವ ಕೆಟ್ಟಿದೆ ಎಂದು ನೋಡಬಾರದು. ಬೇಸರ ಎರಡು ವಾರಕ್ಕಿಂತ ಹೆಚ್ಚು ಉಳಿದು ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಿಮ್ಮ ಕಾಗದ ಓದುವ ಇತರರಿಗಾಗಿ ಒಂದು ಮಾತು ಸೇರಿಸುತ್ತೇನೆ. ಮೂವತ್ತು ನಲವತ್ತರಲ್ಲೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ರಾಜ್ಯದಲ್ಲಿ ಬಹಳ ಇದ್ದಾರೆ. ಕಲಬುರಗಿ ಭಾಗದಲ್ಲಿ ಬಡ ಹೆಂಗಸರಿಗೆ ಬೇಡದ ಆಪರೇಷನ್ ಮಾಡಿದ ಪ್ರಕರಣಗಳು ದೊಡ್ಡ ಸುದ್ದಿಯಾಗಿದ್ದವು. 2023ರಲ್ಲಿ ಸುಪ್ರೀಂ ಕೋರ್ಟ್ ಇಂತಹ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಎಂದಿತು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದರೆ ಈಸ್ಟ್ರೋಜೆನ್ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಅವರ ಬಿಸಿ ಬಹಳ ಜೋರು. ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯೂ ಬೇಗ ಬರಬಹುದು. ಅಂತಹವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಲೇಬೇಕು. ಆಪರೇಷನ್ ಆದಾಗ ಅಂಡಾಶಯ ಉಳಿಸಿದ್ದಾರಾ ಇಲ್ಲವಾ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಓದಲು ಬಾರದಿದ್ದರೆ ಆಶಾ ಕಾರ್ಯಕರ್ತೆಗೆ ತೋರಿಸಿ.

ಈಗ ನೀವು ಮಾಡಬೇಕಾದದ್ದು. ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೋ ನಿಮಗೆ ನಂಬಿಕೆ ಇರುವ ಸ್ತ್ರೀರೋಗ ತಜ್ಞರ ಹತ್ತಿರವೋ ಹೋಗಿ. ಹೋಗುವ ಮೊದಲು ಒಂದು ವಾರ ಹಗಲು ಎಷ್ಟು ಸಲ, ರಾತ್ರಿ ಎಷ್ಟು ಸಲ ಎಂದು ಬರೆದುಕೊಳ್ಳಿ. ಬಿಪಿ ಮಾತ್ರೆಯ ಪಟ್ಟಿ ತೆಗೆದುಕೊಂಡು ಹೋಗಿ. ಮೈ ಬಿಸಿಯಾಗುತ್ತದೆ ಎಂದಷ್ಟೇ ಹೇಳಿದರೆ ಕ್ಯಾಲ್ಸಿಯಂ ಚೀಟಿ ಸಿಗುತ್ತದೆ. ದಿನಕ್ಕೆ ಹನ್ನೆರಡು ಸಲ ಬರುತ್ತದೆ, ನಿದ್ರೆ ಇಲ್ಲ, ಕೆಲಸಕ್ಕೆ ತೊಂದರೆ, ಹಾರ್ಮೋನ್ ಚಿಕಿತ್ಸೆ ನನಗೆ ಆಗುತ್ತದೆಯಾ, ಆಗದಿದ್ದರೆ ಯಾಕೆ ಎಂದು ನೇರವಾಗಿ ಕೇಳಿ. ಕ್ಯಾಲ್ಸಿಯಂ ಮೂಳೆಗೆ ಒಳ್ಳೆಯದೇ. ಬಿಸಿಗೆ ಅದು ಏನೂ ಮಾಡುವುದಿಲ್ಲ. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ.

ಎರಡು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಬೆವರಿನ ಜೊತೆ ಎದೆ ಒತ್ತಿದ ಹಾಗೆ ಆಗಿ, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಡಿದರೆ, ಉಸಿರು ಕಟ್ಟಿದರೆ, ಅದು ಹೃದಯದ್ದು ಆಗಿರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಇಸಿಜಿ ಆಗಬೇಕು. ಇನ್ನೊಂದು, ಈಗ ಮುಟ್ಟು ನಿಂತು ವರ್ಷ ದಾಟಿರುವುದರಿಂದ ಹಾರ್ಮೋನ್ ಶುರು ಮಾಡದೆ ಇರುವಾಗ ಮತ್ತೆ ಒಂದು ಹನಿ ರಕ್ತ ಕಂಡರೂ ಮುಟ್ಟು ತಿರುಗಿ ಬಂತು ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ, ಮತ್ತು ಬೇಗ ಸಿಕ್ಕರೆ ಅದು ಹೆಚ್ಚಿನವರಲ್ಲಿ ಪೂರ್ತಿ ಗುಣವಾಗುತ್ತದೆ. ಅದೇ ವಾರ ಸ್ಕ್ಯಾನ್ ಮಾಡಿಸಿ. ಹಾರ್ಮೋನ್ ಶುರು ಮಾಡಿದರೆ ಮೂರನೇ ತಿಂಗಳಿಗೆ ಒಮ್ಮೆ ಡಾಕ್ಟರನ್ನು ಕಾಣಿ, ಅಷ್ಟರಲ್ಲಿ ಬಿಸಿ ಅರ್ಧಕ್ಕಾದರೂ ಇಳಿಯದಿದ್ದರೆ ಪ್ರಮಾಣ ಬದಲಿಸಲು ಕೇಳಿ.